ಎದೆ ನಡುಗಿದರೂ ಮೀಟರ್ ನಡುಗದು

ಮೆರವಣಿಗೆಯ ಡಿಜೆ ಬೀದಿಗೆ ತಿರುಗಿದರೆ ಕಿಟಕಿಯ ಗಾಜು ಗಡಗಡ ಅನ್ನುತ್ತದೆ, ಎದೆಗೂಡು ಅದುರುತ್ತದೆ. ಕೈಯಲ್ಲಿರುವ ಶಬ್ದಮಾಪಕ ಮಾತ್ರ ‘ಅಂಥದ್ದೇನೂ ಇಲ್ಲವಲ್ಲ’ ಎಂಬಂತೆ ತಣ್ಣಗಿರುತ್ತದೆ. ಮೀಟರ್ ಕೆಟ್ಟಿಲ್ಲ, ಅದು ‘ಎ’ ವೇಟಿಂಗ್‌ನಲ್ಲಿದೆ, ಎಂದರೆ ಎಲ್ಲ ಸ್ವರಗಳಿಗೂ ಒಂದೇ ತೂಕ ಕೊಡುತ್ತಿಲ್ಲ.

ತಗ್ಗು ಸ್ವರಗಳಿಗೆ ನಮ್ಮ ಕಿವಿ ಮಂದ. ಆ ಮಂದತನವನ್ನೇ ಅನುಕರಿಸುವ ‘ಎ’, 63 ಹರ್ಟ್ಜ್‌ನ ಸದ್ದಿನಲ್ಲಿ ಸುಮಾರು 26 ಡೆಸಿಬಲ್ ಕಳೆದು ತೋರಿಸುತ್ತದೆ. ಮೀಟರಿನ ಇನ್ನೊಂದು ವೇಟಿಂಗ್ ‘ಸಿ’ ಅದೇ ಸದ್ದಿನಲ್ಲಿ ಕಳೆಯುವುದು ಒಂದು ಡೆಸಿಬಲ್‌ಗಿಂತ ಕಡಿಮೆ. ಗುಂಡಿ ಒತ್ತಿ ಎರಡನ್ನೂ ಓದಿ. ಅಂತರ ಹೆಚ್ಚಿದಷ್ಟೂ ಬೇಸ್‌ನ ಪಾಲು ಹೆಚ್ಚು. ಆದ್ದರಿಂದ ‘ಸಿ’ ಇಲ್ಲದ ಮೀಟರ್ ಕೊಳ್ಳಲೇಬೇಡಿ. ಹಾಗೆಂದು ‘ಎ’ಯನ್ನು ಬಿಡುವಂತಿಲ್ಲ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬಲ್ ಎಂದು ಮಿತಿ ಹಾಕಿರುವುದು ‘ಎ’ ಲೆಕ್ಕದಲ್ಲೇ.

ಅದೂ ಕ್ಷಣದ ಅಂಕಿಯಲ್ಲ, ಎಲ್‌ಇಕ್ಯು. ಎಂದರೆ ಆ ಅವಧಿಯ ಶಬ್ದಶಕ್ತಿಯ ಸರಾಸರಿ. ಒಂದು ಗಂಟೆಯಲ್ಲಿ 59 ನಿಮಿಷ 50 ಡೆಸಿಬಲ್, ಒಂದೇ ನಿಮಿಷ 90 ಇತ್ತೆನ್ನಿ. ಅಂಕಿಗಳನ್ನು ಕೂಡಿ ಭಾಗಿಸಿದರೆ 51ರ ಹತ್ತಿರ ಬರುತ್ತದೆ. ಎಲ್‌ಇಕ್ಯು 72 ದಾಟುತ್ತದೆ. ಆ ಒಂದು ನಿಮಿಷವೇ ಗಂಟೆಯನ್ನು ನುಂಗಿತು. ಪರದೆಯಲ್ಲಿ ಕುಣಿಯುವ ಅಂಕಿ ನೋಡಿ ಇದನ್ನು ಅಂದಾಜಿಸಲಾಗದು. ಲೆಕ್ಕವನ್ನು ಮೀಟರೇ ಹಾಕಬೇಕು. ಅಗ್ಗದ ಮಾಪಕಗಳಲ್ಲಿ ಹೆಚ್ಚಿನವು ಗರಿಷ್ಠ ಮಟ್ಟ ಹಿಡಿದಿಟ್ಟು ಸುಮ್ಮನಾಗುತ್ತವೆ.

ಡಬ್ಬದ ಮೇಲೆ ‘±1.5 ಡೆಸಿಬಲ್’ ಎಂದಷ್ಟೇ ಇದ್ದರೆ ಮರುಳಾಗಬೇಡಿ. ಶಬ್ದಮಾಪಕಗಳ ಅಂತಾರಾಷ್ಟ್ರೀಯ ಮಾನದಂಡವಾದ ಐಇಸಿ 61672, ಕ್ಲಾಸ್ 2 ಎಂದು ಬರೆದಿದೆಯೇ ನೋಡಿ. ಕ್ಲಾಸ್ 1 ಇನ್ನೂ ನಿಖರ, ಬೆಲೆಯೂ ಹಾಗೆಯೇ. ಪ್ರಯೋಗಾಲಯ, ವೃತ್ತಿಪರ ವರದಿಗಳಿಗೆ ಅದು. ಹವ್ಯಾಸಿಗೆ ಕ್ಲಾಸ್ 2 ಧಾರಾಳ. ಮಿಕ್ಕ ಹಣದಲ್ಲಿ ಕ್ಯಾಲಿಬ್ರೇಟರ್ ಕೊಳ್ಳಿ. ಮೈಕಿನ ಮೂತಿಗೆ ಟೊಪ್ಪಿಗೆಯಂತೆ ಕೂರುವ ಈ ಸಾಧನ 1000 ಹರ್ಟ್ಜ್‌ನಲ್ಲಿ ಸರಿಯಾಗಿ 94 ಡೆಸಿಬಲ್ ನುಡಿಯುತ್ತದೆ. ಅಳೆಯುವ ಮೊದಲೂ ಆಮೇಲೂ ಮೀಟರ್ ಅದೇ ಅಂಕಿ ತೋರಿಸಬೇಕು. ಮೈಕಿನ ವ್ಯಾಸ ಅದಕ್ಕೆ ಹೊಂದುತ್ತದೆಯೇ, ಸಾಮಾನ್ಯವಾಗಿ ಅರ್ಧ ಇಂಚು, ಎಂದು ಅಂಗಡಿಯಲ್ಲೇ ಕೂರಿಸಿ ನೋಡಿ. ಮೊಬೈಲಿನ ಆ್ಯಪ್ ಕುತೂಹಲಕ್ಕೆ ಸರಿ. ಅದರ ಮೈಕ್ ಮಾತಿಗಾಗಿ ಮಾಡಿದ್ದು, ಅಬ್ಬರಕ್ಕೆ ತಡೆಯದು.

ಅಳೆಯುವಾಗ ಗಾಳಿ ತಡೆಯುವ ಸ್ಪಂಜಿನ ಉಂಡೆ ಇರಲಿ. ಮೀಟರನ್ನು ಸ್ಟ್ಯಾಂಡಿಗೆ ಹಾಕಿ, ಗೋಡೆಯಿಂದ ದೂರ ನಿಲ್ಲಿ; ಗೋಡೆಗೆ ಬಡಿದು ಮರಳುವ ಸದ್ದೇ ಮೂರು ಡೆಸಿಬಲ್‌ನಷ್ಟು ಸೇರಿಸಬಲ್ಲದು. ಬರೆದಿಡುವಾಗ ಬರಿಯ ‘78’ ಎನ್ನಬೇಡಿ. ‘ಎ’ಯೋ ‘ಸಿ’ಯೋ, ಎಷ್ಟು ಹೊತ್ತಿನ ಎಲ್‌ಇಕ್ಯು, ಎಷ್ಟು ದೂರದಿಂದ ಎಂಬುದೂ ಜತೆಗಿರಲಿ. ಇವಿಲ್ಲದ ಅಂಕಿ ಹಿಡಿದು ಠಾಣೆಗೆ ಹೋದರೆ ಡಿಜೆಯವನು ತಂದ ಇನ್ನೊಂದು ಅಂಕಿಗೂ ಅಷ್ಟೇ ಬೆಲೆ.