ಗೋಡೆ ಬಿಟ್ಟು ನಡೆದ ಚಿತ್ರ



ಸ್ಥಾವರ-ಜಂಗಮಗಳ ಭೇದವನ್ನು ನಾವು ಗುಡಿ-ಗುರುಗಳ ವಿಚಾರದಲ್ಲಿ ಮಾತ್ರ ಚಿಂತಿಸುವುದು ರೂಢಿ. ಚಿತ್ರಕಲೆಯ ವಿಚಾರದಲ್ಲಿಯೂ ಅದು ಬೆಳಕು ನೀಡಬಲ್ಲದು. ಗೋಡೆಯ ಮೇಲೆ ಬರೆದ ಚಿತ್ರ ಸ್ಥಾವರ. ಹಲಗೆ, ಬಟ್ಟೆ, ಕಾಗದಗಳ ಮೇಲೆ ಬರೆದದ್ದು ಊರೂರು ಸಂಚರಿಸುವ ಜಂಗಮ. ಮನೆಬಾಗಿಲಿಗೆ ಬಂದ ಜಂಗಮನನ್ನು ಗೌರವಿಸಿ ಕಳುಹುವುದು ನಮ್ಮ ಧರ್ಮ. ಹಾಗಾದರೆ ಪ್ರದರ್ಶನಗಳಲ್ಲಿ ಸಂಚರಿಸುವ ಚಿತ್ರಕ್ಕೆ, ಅದನ್ನು ಬರೆದ ಕೈಗೆ, ಸಲ್ಲಬೇಕಾದದ್ದು ಸಲ್ಲುತ್ತಿದೆಯೆ? ಇದು ವಿಚಾರಣೀಯ.

ಮೊದಲು ದೂರದ ಒಂದು ನಿದರ್ಶನವನ್ನು ನೋಡೋಣ. ಆಸ್ಟ್ರೇಲಿಯಾದ ನಡುಮರುಭೂಮಿಯಲ್ಲಿ, ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ವಾಯವ್ಯಕ್ಕೆ ಸುಮಾರು 240 ಕಿಲೋಮೀಟರು ದೂರದಲ್ಲಿ ಪಪುನ್ಯ ಎಂಬ ನೆಲೆಯಿದೆ. ಪಿಂಟುಪಿ, ಲುರಿಟ್ಜ, ವಾರ್ಲ್‌ಪಿರಿ ಮೊದಲಾದ ಮೂಲನಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸಿ ತಂದು ಸರಕಾರವು ಅಲ್ಲಿ ಇರಿಸಿತ್ತು. 1971ರಲ್ಲಿ ಶಾಲಾಶಿಕ್ಷಕ ಜೆಫ್ರಿ ಬಾರ್ಡನ್ ಅವರ ಪ್ರೋತ್ಸಾಹದಿಂದ ಅಲ್ಲಿನ ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಪುರಾಣಚಿತ್ರವನ್ನು ಬರೆದರು. ಬಳಿಕ ಹಲಗೆಗಳ ಮೇಲೆ ಬರೆಯತೊಡಗಿದರು. 1972ರಲ್ಲಿ ಕಲಾವಿದರೇ ಒಡೆಯರಾಗಿರುವ ‘ಪಪುನ್ಯ ಟುಲ’ ಸಂಸ್ಥೆ ಹುಟ್ಟಿತು. ಶಾಲೆಯ ಗೋಡೆಗೆ ಕೆಲವೇ ವರ್ಷಗಳಲ್ಲಿ ಬಣ್ಣ ಬಳಿದು ಚಿತ್ರವನ್ನು ಅಳಿಸಲಾಯಿತು. ಹಲಗೆ, ಕ್ಯಾನ್ವಾಸುಗಳ ಚಿತ್ರಗಳಾದರೋ ಲೋಕ ಸಂಚಾರ ಕೈಗೊಂಡವು. 1988ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಮೂಲನಿವಾಸಿ ಕಲೆಯ ಮಹಾಪ್ರದರ್ಶನವು ಷಿಕಾಗೋ, ಲಾಸ್ ಏಂಜಲೀಸ್ ನಗರಗಳನ್ನೂ ಸುತ್ತಿತು.

ಈ ಚಿತ್ರಗಳನ್ನು ಚುಕ್ಕಿಗಳ ಅಲಂಕಾರವೆಂದು ನೋಡಿ ಮುಂದೆ ಸಾಗುವವರು ಬಹಳ. ಇದು ಸರಿಯಾದ ನೋಟವಲ್ಲ. ಕ್ಲಿಫರ್ಡ್ ಪಾಸಮ್ ಎಂಬ ಹಿರಿಯ ಕಲಾವಿದರು 1977ರಲ್ಲಿ ಬರೆದ ‘ವಾರ್ಲುಗುಲಾಂಗ್’ ಚಿತ್ರವನ್ನೇ ತೆಗೆದುಕೊಳ್ಳಿ. ಅದರಲ್ಲಿ ಹಲವು ಪೂರ್ವಜರ ಹಾದಿಗಳು ಒಂದನ್ನೊಂದು ಹಾದುಹೋಗುತ್ತವೆ. ನೆಲವನ್ನು ಮೇಲಿನಿಂದ ಕಂಡಂತೆ ವೃತ್ತಗಳು, ಹೆಜ್ಜೆಗುರುತುಗಳು ಮೂಡಿವೆ. ಅದರ ಮುಖ್ಯ ಕಥೆ ಬೇಟೆಯ ಮಾಂಸವನ್ನು ಹಂಚದೆ ತಾವೇ ತಿಂದ ಇಬ್ಬರು ಮಕ್ಕಳದು. ತಂದೆ ಎಬ್ಬಿಸಿದ ಕಾಳ್ಗಿಚ್ಚಿನಲ್ಲಿ ಅವರು ಸುಟ್ಟುಹೋದರು. ದಾಸೋಹದ ಮರ್ಮವನ್ನು ಬಲ್ಲ ನಮಗೆ ಈ ಕಥೆ ಹೊರಗಿನದೆನಿಸಲಾರದು. ಇನ್ನು ಚುಕ್ಕಿಗಳ ವಿಚಾರ. ದೀಕ್ಷಾವಿಧಿಗೆ ಸೇರಿದ ರಹಸ್ಯಚಿಹ್ನೆಗಳು ಆರಂಭದ ಹಲಗೆಗಳಲ್ಲಿ ಬಯಲಾದಾಗ ಮೂಲನಿವಾಸಿಗಳೇ ಆಕ್ಷೇಪಿಸಿದರು. ಕ್ರಮೇಣ ಕಲಾವಿದರು ಅಂಥವನ್ನು ಕೈಬಿಟ್ಟರು, ಚುಕ್ಕಿಗಳ ತೆರೆಯಲ್ಲಿ ಮರೆಮಾಡಿದರು. ಗುರುವು ಕಿವಿಯಲ್ಲಿ ಉಪದೇಶಿಸಿದ ಮಂತ್ರವನ್ನು ನಾವು ಬೀದಿಯಲ್ಲಿ ಸಾರುವುದಿಲ್ಲ. ಆದುದರಿಂದ ಆ ಚುಕ್ಕಿಗಳ ಮುಂದೆ ನಿಲ್ಲುವಾಗ, ಎಲ್ಲವನ್ನೂ ತಿಳಿಯುವ ಹಕ್ಕು ನೋಡುಗನಿಗಿಲ್ಲವೆಂಬ ವಿನಯ ನಮಗಿರಬೇಕು.

ಅದೇ ಚಿತ್ರದ ಬೆಲೆಯ ಕಥೆಯನ್ನೂ ಕೇಳಿರಿ. 1,200 ಡಾಲರಿಗೆ ಅದನ್ನು ಕೊಂಡ ಬ್ಯಾಂಕೊಂದು ತನ್ನ ತರಬೇತಿ ಕೇಂದ್ರದ ಊಟದ ಮನೆಯಲ್ಲಿ ತೂಗುಹಾಕಿತ್ತು. 2007ರಲ್ಲಿ ಅದು 24 ಲಕ್ಷ ಆಸ್ಟ್ರೇಲಿಯನ್ ಡಾಲರಿಗೆ ಮಾರಾಟವಾಗಿ ರಾಷ್ಟ್ರೀಯ ಕಲಾಸಂಗ್ರಹಾಲಯವನ್ನು ಸೇರಿತು. ಕಲಾವಿದರು 2002ರಲ್ಲಿಯೇ ತೀರಿಕೊಂಡಿದ್ದರು. ಮರುಮಾರಾಟದಲ್ಲಿ ಕಲಾವಿದನ ಪಾಲನ್ನು ನಿಗದಿಪಡಿಸಿದ ಶಾಸನ ಅಲ್ಲಿ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರಲ್ಲಿ. ಶಾಸನ ಬಂದಾಗ ಪಾಲು ಕೇಳಲು ಆಧಾರ ಬೇಕಲ್ಲವೆ? ಅದನ್ನು ಒದಗಿಸುವುದು ಸಮುದಾಯ ಕಲಾಕೇಂದ್ರಗಳ ಕೆಲಸ. ಬಣ್ಣ, ಬಟ್ಟೆ ಕೊಡುವುದು, ಬರೆದವರ ಹೆಸರು, ಊರು, ಚಿತ್ರದ ಕಥೆಯನ್ನು ದಾಖಲಿಸುವುದು, ಮಾರಿ ಹಣವನ್ನು ಕಲಾವಿದರಿಗೆ ಮುಟ್ಟಿಸುವುದು, ಇವೆಲ್ಲ ಅವುಗಳ ನಿತ್ಯಕಾಯಕ.

ಈಗ ನಮ್ಮ ನಾಡಿಗೆ ಬರೋಣ. ಸಾಗರ, ಸೊರಬ, ಹೊಸನಗರ, ಸಿದ್ದಾಪುರ ಸೀಮೆಯ ದೀವರ ಹೆಣ್ಣುಮಕ್ಕಳು ಬರೆಯುವ ಚಿತ್ತಾರವನ್ನು ನೆನೆಯಿರಿ. ದೀವರು ಆದಿವಾಸಿಗಳಲ್ಲ, ಕೃಷಿಕರು. ಆದರೂ ಪ್ರಶ್ನೆ ಒಂದೇ. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳುಪು, ಹುರಿದು ಕರಿದಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿನಾರಿನ ಕುಂಚ: ಇಷ್ಟೇ ಸಾಮಗ್ರಿ. ಹಸೆಗೋಡೆಯ ಚಿತ್ತಾರದೆದುರು ವಧೂವರರು ಕುಳಿತುಕೊಳ್ಳುತ್ತಾರೆ; ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೂ ಚಿತ್ತಾರ ಮೂಡುತ್ತದೆ. ಕೂದಲೆಳೆಯಂಥ ಗೆರೆಯನ್ನು ತಪ್ಪದೆ ಎಳೆಯುವ ಆ ಸಂಯಮವು ಯಾವ ಕಲಾಶಾಲೆಯ ಶಿಸ್ತಿಗೂ ಕಡಮೆಯದಲ್ಲ.

ಮಣ್ಣುಗೋಡೆ ಹೋಗಿ ಸಿಮೆಂಟು ಬಂದಂತೆ ಚಿತ್ತಾರವೂ ಕಾಗದ, ಬಟ್ಟೆಗಳಿಗೆ ಏರಿ ನಗರ ಸೇರಿದೆ. ಇದರಲ್ಲಿ ದೋಷವಿಲ್ಲ; ಇಲ್ಲವಾದರೆ ಗೋಡೆಯೊಡನೆ ಅದೂ ಅಳಿಯುತ್ತಿತ್ತು. ದೋಷವಿರುವುದು ‘ಮಲೆನಾಡಿನ ಜನಪದ ಕಲೆ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವ ಚೀಟಿಯಲ್ಲಿ. ನಮ್ಮ ಮಂಡಿಕಲ್ ಸೀಮೆಯಲ್ಲಿ ಹೊಸ್ತಿಲ ರಂಗವಲ್ಲಿಯನ್ನು ಬರೆದವಳು ಯಾರೆಂದು ಯಾರೂ ಕೇಳುವುದಿಲ್ಲ, ಏಕೆಂದರೆ ಅದು ಊರಿಗೆಲ್ಲ ಗೊತ್ತು. ಊರು ದಾಟಿದ ಚಿತ್ರಕ್ಕಾದರೋ ಆ ನೆರೆಹೊರೆಯ ಸಾಕ್ಷಿಯಿಲ್ಲ. ಹೆಸರೇ ಅದರ ಸಾಕ್ಷಿ. ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿಯಿಂದ ಸೇರಿದ 53ಎ ಕಲಮು, 10,000 ರೂಪಾಯಿಗೆ ಮಿಕ್ಕಿ ಮರುಮಾರಾಟವಾಗುವ ಮೂಲಚಿತ್ರದ ಬೆಲೆಯಲ್ಲಿ ಕಲಾವಿದರಿಗೂ ಅವರ ವಾರಸುದಾರರಿಗೂ ಪಾಲು ಕೊಡಿಸುತ್ತದೆ. ಆ ಪಾಲು ಶೇಕಡಾ 10ನ್ನು ಮೀರದು. ಹೆಸರಿಲ್ಲದ ಚಿತ್ರಕ್ಕಾಗಿ ಈ ಪಾಲನ್ನು ಕೇಳುವವರು ಯಾರು?

ಹೆಸರು ಬರೆಯುವುದು ಅಹಂಕಾರವೆಂದೂ, ಕಲೆ ಸಮುದಾಯದ್ದೆಂದೂ ಕೆಲವರು ವಾದಿಸುವುದುಂಟು. ಶರಣರು ಇದಕ್ಕೆ ದಾರಿ ತೋರಿದ್ದಾರೆ. ಅವರು ತಮ್ಮ ಹೆಸರನ್ನು ಮೆರೆಸಲಿಲ್ಲ, ಇಷ್ಟದೈವದ ಅಂಕಿತವನ್ನಿಟ್ಟರು. ಆ ಅಂಕಿತದ ಬಲದಿಂದ, ಎಂಟು ನೂರು ವರ್ಷಗಳ ಬಳಿಕವೂ, ಅಕ್ಕಿ ಆಯುವ ಕಾಯಕದ ಲಕ್ಕಮ್ಮನ ಮಾತು ಲಕ್ಕಮ್ಮನದೆಂದೇ ನಮಗೆ ತಿಳಿಯುತ್ತದೆ. ವಿನಯಕ್ಕೂ ದಾಖಲೆಗೂ ವಿರೋಧವಿಲ್ಲ.

ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಅಧಿಕಾರಿಗಳೂ ಅಧ್ಯಾಪಕರೂ ವರ್ತಕರೂ ಇದ್ದೀರಿ. ಜಾತ್ರೆಯಲ್ಲಾಗಲಿ, ಶಾಲೆಯಲ್ಲಾಗಲಿ, ಕಚೇರಿಯಲ್ಲಾಗಲಿ ಇಂಥ ಚಿತ್ರಗಳನ್ನು ತೂಗುಹಾಕುವಾಗ ಬರೆದವರ ಹೆಸರನ್ನೂ ಊರನ್ನೂ ಬರೆಸಿರಿ. ಬೆಲೆಯನ್ನು ಅವರ ಕೈಗೇ ಮುಟ್ಟಿಸಿರಿ. ಅವರು ಹೇಳಲೊಲ್ಲದ ಕಥೆಯನ್ನು ಕೆದಕದಿರಿ. ಕಾಯಕ ಮಾಡಿದವರಿಗೆ ಅದರ ಫಲವನ್ನು ಸಲ್ಲಿಸಿದ ಬಳಿಕವೇ ಕಲೆಯ ಆನಂದವು ನಮ್ಮ ಪಾಲಿಗೆ ಪ್ರಸಾದವಾದೀತು.