ಆಫ್ ಮಾಡಿ ಆನ್ ಮಾಡುವ ಮೊದಲು

ನಮ್ಮ ಕಡೆ ಮನೆಯ ಕಂಪ್ಯೂಟರಿಗೆ ಇಂಟರ್ನೆಟ್ ಬರದಿದ್ದರೆ ಆಡುವ ಮಾತು ಒಂದೇ: "ನೆಟ್ ಬರವಲ್ದು." ಸಿಗುವ ಮದ್ದೂ ಒಂದೇ: "ಆಫ್ ಮಾಡಿ ಆನ್ ಮಾಡ್ರಿ." ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಕೇಳಿದರೂ ಅದೇ, ಸಂಡೂರಿನಲ್ಲಿ ಕೇಳಿದರೂ ಅದೇ. ರೋಗ ಯಾವುದೆಂದು ವಿಚಾರಿಸದೆ ಕೊಡುವ ಈ ಮದ್ದು ಎಷ್ಟೋ ಸಲ ನಾಟುತ್ತದೆ. ಅದಕ್ಕೇ ಇಷ್ಟು ಆಳಕ್ಕೆ ಬೇರುಬಿಟ್ಟಿದೆ. ಆದರೂ ಈ ರೂಢಿಯ ಬಗ್ಗೆ ನನಗೆ ತಕರಾರಿದೆ. ಆ ತಕರಾರು ಹುಟ್ಟಿದ್ದು ಕಂಪ್ಲಿಯ ಅಕ್ಕನ ಮನೆಯಲ್ಲಿ.

ಅದು ಮಾಳಿಗೆ ಮನೆ. ಎರಡಡಿ ದಪ್ಪದ ಕಲ್ಲುಮಣ್ಣಿನ ಗೋಡೆಗಳು. ಪಡಸಾಲೆಯಲ್ಲಿ ರೌಟರ್, ಒಳಕೋಣೆಯಲ್ಲಿ ಹಳೇ ಡೆಸ್ಕ್‌ಟಾಪ್. ಅಕ್ಕನ ಮಗಳು ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕೂತಿದ್ದಳು. ಕರೆಂಟ್ ಹೋಗಿ ಬಂದ ಮೇಲೆ ಒಂದು ಪುಟವೂ ತೆರೆಯಲಿಲ್ಲ. ರೌಟರನ್ನು ಐದಾರು ಸಲ ಆಫ್ ಮಾಡಿ ಆನ್ ಮಾಡಿದಳು. ಕಂಪನಿಗೆ ಫೋನ್ ಹಚ್ಚಿದಾಗ ಅತ್ತಲಿಂದ "ರೀಸ್ಟಾರ್ಟ್ ಮಾಡಿ" ಎಂದರು. ಇವಳ ಕಿವಿಗೆ ಬಿದ್ದದ್ದು "ರೀಸೆಟ್". ಪಿನ್ನು ತಗೊಂಡು ಡಬ್ಬಿಯ ಹಿಂದಿನ ಸಣ್ಣ ತೂತಿಗೆ ಚುಚ್ಚಿ ಹತ್ತು ಸೆಕೆಂಡು ಒತ್ತಿ ಹಿಡಿದಳು. ಒಳಗಿದ್ದ ಲಾಗಿನ್ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿಹೋದವು. ಅಲ್ಲಿಯವರೆಗೆ ಸರಿಯಾಗಿದ್ದ ಲೈನು ಆಗ ನಿಜವಾಗಿಯೂ ನಿಂತಿತು.

ಸಂಜೆ ಹೊಸಪೇಟೆಯಿಂದ ಹೋದವನು ಮೊದಲು ಕೇಳಿದ್ದು, "ಪಿನ್ನು ಚುಚ್ಚೋಕ ಮುಂಚೆ ಮೊಬೈಲ್‌ನಾಗ ವೈಫೈ ಬರ್ತಿತ್ತೇನವ್ವ?"

"ಬರ್ತಿತ್ತು ಮಾವ. ವಾಟ್ಸಾಪ್ ಎಲ್ಲ ಬರ್ತಿತ್ತು. ಕಂಪ್ಯೂಟರ್‌ನಾಗ ಮಾತ್ರ ಬರವಲ್ದಾಗಿತ್ತು."

ಪರದೆಯ ಮೂಲೆ ನೋಡಿದೆ. ತಾರೀಖು 1 ಜನವರಿ 2009 ಎಂದಿತ್ತು. ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಂಥ ಬ್ಯಾಟರಿ ಇರುತ್ತದೆ, ಸಿಆರ್2032. ಕರೆಂಟ್ ಇಲ್ಲದಾಗಲೂ ಗಡಿಯಾರವನ್ನು ನಡೆಸುವುದು ಅದೇ. ಅದು ಸತ್ತಿತ್ತು. ಸುರಕ್ಷಿತ ತಾಣಗಳೆಲ್ಲ ಒಂದೊಂದು ಪ್ರಮಾಣಪತ್ರ ತೋರಿಸುತ್ತವೆ, ಆ ಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. 2009ರಲ್ಲಿದ್ದೇನೆ ಎಂದು ನಂಬಿದ ಕಂಪ್ಯೂಟರಿಗೆ ಆ ಪತ್ರಗಳೆಲ್ಲ ಇನ್ನೂ ಹುಟ್ಟೇ ಇಲ್ಲ. ಹಾಗಾಗಿ ಬಾಗಿಲು ತೆರೆಯಲೊಲ್ಲದು. ಗಡಿಯಾರ ಹಿಂದಿದೆ ಎಂದು ಬ್ರೌಸರ್ ಇಂಗ್ಲಿಷಿನಲ್ಲಿ ಹೇಳಿಯೇ ಇತ್ತು. ಹುಡುಗಿ ಅದನ್ನು ಓದದೆ ಮುಚ್ಚಿದ್ದಳು. ಅವಳನ್ನು ನಾನು ದೂರುವುದಿಲ್ಲ. ಮೊದಲು ಓದು, ಆಮೇಲೆ ಮುಟ್ಟು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನನಗೆ ಸಂಕಟವಾಗುವುದು ಇಲ್ಲೇ. ಕೆಟ್ಟದ್ದು ಎಲ್ಲಿ ಎಂದು ಹುಡುಕುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ತುಂಗಭದ್ರಾ ಬಲದಂಡೆಯ ಕೆಳಮಟ್ಟದ ಕಾಲುವೆ (ಎಲ್‌ಎಲ್‌ಸಿ) ಕಂಪ್ಲಿ, ಸಿರುಗುಪ್ಪದ ಕಡೆಯಿಂದ ಕರ್ನೂಲಿನತ್ತ ಹರಿಯುತ್ತದೆ. ಕೊನೆಯ ಹೊಲಕ್ಕೆ ನೀರು ಬರದಿದ್ದರೆ ನೀರಗಂಟಿ ಹೊಲಗಾಲುವೆಯಿಂದ ಮೇಲಕ್ಕೆ ನಡೆಯುತ್ತಾನೆ. ಈ ತೂಬಿನವರೆಗೆ ನೀರಿದೆಯೇ, ಇದೆ. ಅದರ ಕೆಳಗಿನದಕ್ಕೆ, ಇಲ್ಲ. ಹಾಗಾದರೆ ಕೆಟ್ಟದ್ದು ಇವೆರಡರ ನಡುವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ ಗೇಟಿನ ಸರಪಳಿ ತುಂಡಾದಾಗ ಬೆಳಗಾಗುವುದರೊಳಗೆ ಊರೂರಿಗೂ ಗೊತ್ತಾಗಿತ್ತು, ಮೂವತ್ಮೂರರಲ್ಲಿ ಕೊಚ್ಚಿಹೋದದ್ದು 19ನೆಯದು ಎಂದು. ಡ್ಯಾಂ ಕೆಟ್ಟಿತು ಎಂದಷ್ಟೇ ಹೇಳಿ ಯಾರೂ ಸುಮ್ಮನಾಗಲಿಲ್ಲ. ಅದೇ ಜನರ ಮನೆಯೊಳಗೆ ಮಾತ್ರ ಗಡಿಯಾರ ಕೆಟ್ಟರೂ, ಗೋಡೆ ಅಡ್ಡ ಬಂದರೂ, ಬೀದಿಯಲ್ಲಿ ಫೈಬರ್ ಹರಿದರೂ ಎಲ್ಲಕ್ಕೂ ಒಂದೇ ಹೆಸರು: ನೆಟ್ ಇಲ್ಲ.

ಆಫ್-ಆನ್ ಮಾಡುವುದೇ ತಪ್ಪು ಎಂದಲ್ಲ. ರೌಟರ್ ಎಂದರೆ ಒಂದು ಪುಟ್ಟ ಕಂಪ್ಯೂಟರ್. ಮನೆಯ ಯಾವ ಸಾಧನ ಹೊರಗೆ ಯಾರೊಡನೆ ಮಾತಾಡುತ್ತಿದೆ ಎಂಬ ಲೆಕ್ಕವನ್ನು ಅದು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ತಿಂಗಳುಗಟ್ಟಲೆ ನಡೆದರೆ ಆ ಲೆಕ್ಕ ಸಿಕ್ಕಾಗುವುದುಂಟು. ಆರಿಸಿ ಹಚ್ಚಿದರೆ ನೆನಪು ಖಾಲಿಯಾಗುತ್ತದೆ, ಲೈನು ಹೊಸದಾಗಿ ಲಾಗಿನ್ ಆಗುತ್ತದೆ, ವೈಫೈ ಇನ್ನೊಮ್ಮೆ ಚಾನೆಲ್ ಆರಿಸಿಕೊಳ್ಳುತ್ತದೆ. ಇಷ್ಟೂ ಒಳ್ಳೆಯದೇ. ಆದರೆ ದೀಪಗಳು ಹೇಳುತ್ತಿದ್ದ ಸಾಕ್ಷಿಯೂ ಅದರ ಜೊತೆಗೇ ಆರಿಹೋಗುತ್ತದೆ. ಮುಟ್ಟುವ ಮೊದಲು ಆ ದೀಪಗಳ ಒಂದು ಫೋಟೊ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಎಲ್‌ಒಎಸ್ ಎಂದು ಬರೆದಿರುವಲ್ಲಿ ಕೆಂಪು ದೀಪ ಮಿಣುಕುತ್ತಿದ್ದರೆ ಬೆಳಕಿನ ಸಂಕೇತ ಮನೆಯವರೆಗೆ ಬರುತ್ತಲೇ ಇಲ್ಲ ಎಂದರ್ಥ. ಸಂಡೂರಿನ ರಸ್ತೆಗಳಲ್ಲಿ ಕಂಬದಿಂದ ಕಂಬಕ್ಕೆ ಜೋತುಬಿದ್ದ ಫೈಬರಿಗೆ ಎತ್ತರದ ಲಾರಿಯೊಂದು ತಗುಲಿದರೂ ಸಾಕು. ಅದನ್ನು ಯಾವ ಸ್ವಿಚ್ಚೂ ಬೆಸೆಯಲಾರದು. ಒಂದೇ ಎಳೆಯನ್ನು ಸ್ಪ್ಲಿಟರ್ ಒಡೆದು ಮೂವತ್ತೆರಡೋ ಅರವತ್ನಾಲ್ಕೋ ಮನೆಗೆ ಹಂಚುತ್ತದೆ. ಪಕ್ಕದ ಮನೆಯವರನ್ನು ಕೇಳಿದರೆ ಲೈನು ಮನೆಯ ಮುಂದೆ ಹೋಗಿದೆಯೋ ಓಣಿಗೇ ಹೋಗಿದೆಯೋ ತಿಳಿದುಬಿಡುತ್ತದೆ.

ಕಂಪ್ಯೂಟರಿನೊಳಗೇ ಇರುವ ಟ್ರಬಲ್‌ಶೂಟರ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಬಹಳ ಸಲ ಅದು ಮಾಡುವುದೂ ವೈಫೈ ಅಡಾಪ್ಟರನ್ನು ಆರಿಸಿ ಹಚ್ಚುವ ಕೆಲಸವನ್ನೇ. ಆದರೆ "ಡಿಎನ್ಎಸ್ ಸರ್ವರ್ ಉತ್ತರಿಸುತ್ತಿಲ್ಲ" ಎಂದೋ "ಗೇಟ್‌ವೇ ಸಿಗುತ್ತಿಲ್ಲ" ಎಂದೋ ಜಾಗದ ಹೆಸರು ಹೇಳಿದಾಗ ಅದನ್ನು ಬರೆದಿಟ್ಟುಕೊಳ್ಳಬೇಕು. ಅದಕ್ಕಿಂತ ನಾನು ನಂಬುವುದು ಕಪ್ಪು ಪರದೆಯ ಐಪಿಕಾನ್ಫಿಗ್ ಆದೇಶವನ್ನು. ಅಲ್ಲಿ ವಿಳಾಸ 169.254ರಿಂದ ಶುರುವಾಗಿದ್ದರೆ ರೌಟರಿನಿಂದ ವಿಳಾಸ ಸಿಗದೆ ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ, ಕೆಟ್ಟದ್ದು ಮನೆಯೊಳಗೇ. ಸಾಮಾನ್ಯವಾಗಿ ಕಾಣುವ 192.168ರ ವಿಳಾಸವಿದ್ದು, ರೌಟರಿಗೆ ಪಿಂಗ್ ತಲುಪಿ, ಹೊರಗಿನ 8.8.8.8ಕ್ಕೆ ತಲುಪದಿದ್ದರೆ ಲೈನನ್ನು ನೋಡಬೇಕು. ಅಂಕಿಗೆ ತಲುಪಿ ಹೆಸರಿಗೆ ತಲುಪದಿದ್ದರೆ ಕೆಟ್ಟದ್ದು ತಾಣದ ಹೆಸರಿಗೆ ಅಂಕಿ ಹುಡುಕಿಕೊಡುವ ಡಿಎನ್ಎಸ್. ನೀರಗಂಟಿ ನಡೆಯುವ ದಾರಿಯೇ ಇದು.

ನಿಸ್ತಂತು ಭಾಗದ್ದು ಬೇರೆಯೇ ಕಥೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್, 5ರದ್ದು ಹೆಚ್ಚುಕಡಿಮೆ ಆರು. ಹತ್ತಿರದಲ್ಲಿ 5 ವೇಗವಾಗಿ ಓಡುತ್ತದೆ, ಆದರೆ ಮಾಳಿಗೆ ಮನೆಯ ಒಂದು ಗೋಡೆ ದಾಟುವುದರೊಳಗೆ ಸೊರಗುತ್ತದೆ. ಹೊಸ ರೌಟರ್‌ಗಳಲ್ಲಿ ಎರಡಕ್ಕೂ ಒಂದೇ ಹೆಸರಿಡುವುದರಿಂದ ಒಳಕೋಣೆಯ ಕಂಪ್ಯೂಟರ್ ಯಾವುದನ್ನು ಹಿಡಿದಿದೆ ಎಂದು ಮನೆಯವರಿಗೆ ತಿಳಿಯುವುದೇ ಇಲ್ಲ. ಡೆಸ್ಕ್‌ಟಾಪಿನಲ್ಲಿ ಇನ್ನೊಂದು ತೊಡಕು: ವೈಫೈ ಡಾಂಗಲನ್ನು ಹಿಂಬದಿಯ ನೀಲಿ ಯುಎಸ್‌ಬಿ 3.0 ಕಿಂಡಿಗೆ ಸಿಕ್ಕಿಸಿ, ತಗಡಿನ ಡಬ್ಬಿಯನ್ನು ಮೇಜಿನ ಕೆಳಗೆ ಗೋಡೆಗೆ ಒತ್ತಿ ಇಟ್ಟಿರುತ್ತಾರೆ. ಮುಂದೆ ತಗಡು, ಹಿಂದೆ ಗೋಡೆ. ಸಾಲದ್ದಕ್ಕೆ ಯುಎಸ್‌ಬಿ 3.0 ಕೆಲಸ ಮಾಡುವಾಗ ಹುಟ್ಟುವ ಗದ್ದಲ 2.4 ಗಿಗಾಹರ್ಟ್ಸ್ ಮೇಲೆಯೇ ಬೀಳುತ್ತದೆ ಎಂದು ಇಂಟೆಲ್ 2012ರಲ್ಲೇ ಬರೆದು ಪ್ರಕಟಿಸಿದೆ. ಒಂದು ಮೊಳದ ಎಕ್ಸ್‌ಟೆನ್ಷನ್ ವೈರು ಹಾಕಿ ಡಾಂಗಲನ್ನು ಮೇಜಿನ ಮೇಲೆ ತಂದಿಟ್ಟಿದ್ದಕ್ಕೇ ಸರಿಹೋದ ಮನೆಗಳನ್ನು ನೋಡಿದ್ದೇನೆ.

2005ರಲ್ಲಿ ಭಾರತ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಂದ ಮುಕ್ತ ಮಾಡಿತು. ಯಾರ ಅಪ್ಪಣೆಯೂ ಇಲ್ಲದೆ ಮನೆಯಲ್ಲಿ ವೈಫೈ ಇಡಲು ಆದದ್ದು ಅದರಿಂದಲೇ. ಆದರೆ ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6, 11. ಹಂಪಿಯ ಜನತಾ ಪ್ಲಾಟಿನಂಥ ಒತ್ತಾದ ಓಣಿಯಲ್ಲಿ ಗೋಡೆಗೆ ಗೋಡೆ ತಾಗಿದ ಹೋಂಸ್ಟೇಗಳೆಲ್ಲ ಆ ಮೂರನ್ನೇ ಹಂಚಿಕೊಳ್ಳಬೇಕು. ಅಲ್ಲಿ ಸಂಜೆ ವೈಫೈ ನಿಧಾನವಾದರೆ ಮಾಲೀಕರು ಇನ್ನೂ ದೊಡ್ಡ ಪ್ಲಾನ್ ಹಾಕಿಸುತ್ತಾರೆ. ಲೈನಿನಲ್ಲಿ ನೀರು ಸಾಕಷ್ಟಿದೆ, ತೂಬಿನ ಹತ್ತಿರ ನೂಕುನುಗ್ಗಲಾಗಿದೆ ಎಂದು ಅವರಿಗೆ ತಿಳಿಸುವವರು ಬೇಕು. ಒಂದು ಲ್ಯಾನ್ ಕೇಬಲ್ ಹಾಕಿ ನೋಡಿದರೆ ಐದು ನಿಮಿಷದಲ್ಲಿ ಅದು ಖಾತ್ರಿಯಾಗುತ್ತದೆ.

ಇಷ್ಟೆಲ್ಲದರಲ್ಲಿ ನಾನು ಮನಸಾರೆ ಮೆಚ್ಚುವುದು ಲೈನಿನ ಹುಡುಗರನ್ನು. ಮರುದಿನ ಅಕ್ಕನ ಮನೆಗೆ ಬಂದವನು ಮೊದಲು ಫೈಬರಿನ ತುದಿ ಬಿಚ್ಚಿ ಪವರ್ ಮೀಟರಿಗೆ ಸಿಕ್ಕಿಸಿದ. ಬೆಳಕಿನ ಬಲ ಮೈನಸ್ 21 ಡಿಬಿಎಂ ಎಂದು ತೋರಿಸಿತು. ಮೈನಸ್ 27ರ ಆಚೆಗೆ ಇಳಿದರೆ ಸಂಪರ್ಕ ತಡವರಿಸತೊಡಗುತ್ತದೆ. ಇದು ಚೆನ್ನಾಗಿಯೇ ಇತ್ತು. ಆಮೇಲಷ್ಟೇ ಲಾಗಿನ್ ಹಾಕಲು ಕೂತ. ಅಳೆದು ನೋಡಿ ಆಮೇಲೆ ಕೈ ಹಾಕಿದ ಆ ರೀತಿ ಕಂಡು ಸಂತೋಷವಾಯಿತು. ಬೇಸರವಾದದ್ದು ಅವನು "ಆತ್ರೀ ಅಕ್ಕಾರ" ಎಂದು ಎದ್ದು ಹೊರಟಾಗ. ಆ 21 ಅವನ ತಲೆಯಲ್ಲೇ ಹೊರಟಿತ್ತು. ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ ತಾರೀಖು, ಅಂಕಿ, ಏನು ಕೆಟ್ಟಿತ್ತು ಎಂದು ಕನ್ನಡದಲ್ಲಿ ಎರಡು ಸಾಲು ಬರೆದು ಹೋಗುವುದು ಅವನ ಕೆಲಸದ ಭಾಗವೇ ಆಗಬೇಕು. ಮುಂದಿನ ಸಲ ಮೈನಸ್ 26 ಬಂದರೆ ಎಲ್ಲೋ ಎಳೆ ಮಡಚಿದೆ ಎಂದು ಆ ಚೀಟಿಯೇ ಹೇಳುತ್ತದೆ.

ಅವನನ್ನು ಬಾಗಿಲಲ್ಲಿ ನಿಲ್ಲಿಸಿ ಅಂಕಿ ಕೇಳಿ, ಅಕ್ಕನ ಮಗಳು ತಾನೇ ಚೀಟಿ ಬರೆದಳು. ಹೊಸ ಬ್ಯಾಟರಿ ಹಾಕಿದ ತಾರೀಖೂ ಅದರಲ್ಲಿ ಸೇರಿತು. ಅರ್ಜಿ ಅಂದೇ ಹೋಯಿತು.

ಮಳೆಗಾಲದಲ್ಲಿ ಒಂದು ಸಂಜೆ ಅವಳ ಫೋನ್ ಬಂತು. "ಮಾವ, ಕೆಂಪು ಲೈಟಿಲ್ಲ. ಮೊಬೈಲ್‌ನಾಗ ಬರ್ತೈತಿ. ತಾರೀಖು ಸರಿ ಐತಿ. ಐಪಿ ಮಾತ್ರ 169ರಿಂದ ಶುರು ಆಗೈತಿ. ಡಾಂಗಲ್ ನೋಡ್ಲೇನು?"