ಅಳಿದ ಆಟದಂಗಳದ ಹಾಡು

ಆಟದ ತಂಡವೊಂದು ಊರನ್ನು ಬಿಟ್ಟುಹೋದಾಗ ಜನಕ್ಕಾಗುವ ದುಃಖವು ಗೀತೆಗೆ ತಕ್ಕ ವಸ್ತುವೇ ಎಂದು ಶಂಕಿಸುವವರುಂಟು. ಅಮೆರಿಕದ ಜನಪ್ರಿಯ ಗೀತೆಗಳಲ್ಲಿ ಅದು ವಸ್ತುವಾಗಿ ಬಂದಿದೆ. ಆ ದುಃಖವನ್ನು ಅಲ್ಲಿ ಹೇಗೆ ನಿರ್ವಹಿಸಿದ್ದಾರೆಂಬುದೇ ಇಲ್ಲಿಯ ವಿಚಾರ.

ನ್ಯೂಯಾರ್ಕ್ ನಗರದ ಬ್ರೂಕ್ಲಿನ್ನಿನಲ್ಲಿ 1913ರಲ್ಲಿ ತೆರೆದ ಎಬೆಟ್ಸ್ ಫೀಲ್ಡ್ ಎಂಬ ಅಂಗಳವು ಡಾಡ್ಜರ್ಸ್ ಬೇಸ್‌ಬಾಲ್ ತಂಡದ ನೆಲೆಯಾಗಿತ್ತು. 1957ರ ಪಂದ್ಯಗಳು ಮುಗಿದ ಮೇಲೆ ತಂಡ ಲಾಸ್ ಏಂಜಲೀಸಿಗೆ ಹೋಯಿತು. 1960ರಲ್ಲಿ ಅಂಗಳವನ್ನು ಕೆಡವಿ, ಅಲ್ಲಿ ವಸತಿಗೃಹಗಳನ್ನು ಕಟ್ಟಿದರು.

ಜೋ ರಪೋಸೊ ರಚಿಸಿ, ಫ್ರಾಂಕ್ ಸಿನಾಟ್ರ 1973ರಲ್ಲಿ ಹಾಡಿದ ‘ದೇರ್ ಯೂಸ್ಡ್ ಟು ಬಿ ಎ ಬಾಲ್‌ಪಾರ್ಕ್’ ಎಂಬ ಗೀತೆಯನ್ನು ಕೇಳಿದವರು ಹಲವರು ಈ ಅಂಗಳವನ್ನೇ ನೆನೆಯುತ್ತಾರೆ. ಆದರೆ ಗೀತೆಯಲ್ಲಿ ಊರಿನ ಹೆಸರೂ ಇಲ್ಲ, ತಂಡದ ಹೆಸರೂ ಇಲ್ಲ. ಹಸುರು ನೆಲ, ತಿನಿಸಿನ ವಾಸನೆ, ಬಾಣಬಿರುಸು, ಇವೇ ಅದರ ಉದ್ದೀಪನ ಸಾಮಗ್ರಿ. ಹೆಸರಿಲ್ಲದ್ದರಿಂದಲೇ ಯಾರಾದರೂ ತಮ್ಮ ಊರಿನ ಅಂಗಳವನ್ನು ಅಲ್ಲಿ ಕಾಣಬಲ್ಲರು. ನಮ್ಮ ಆಲಂಕಾರಿಕರು ಸಾಧಾರಣೀಕರಣವೆಂದದ್ದು ಇಲ್ಲಿ ಸಿದ್ಧಿಸಿದೆ. ಡೇವ್ ಫ್ರಿಶ್‌ಬರ್ಗ್ ಅವರ 1969ರ ‘ವ್ಯಾನ್ ಲಿಂಗಲ್ ಮಂಗೊ’ ಇದಕ್ಕೆ ತೀರ ವಿರುದ್ಧ. ಹಳೆಯ ಆಟಗಾರರ ಹೆಸರುಗಳೇ ಅದರ ಸಾಹಿತ್ಯ; ಹೆಸರುಗಳ ನಾದದಿಂದಲೇ ಅಲ್ಲಿ ಸ್ಮೃತಿ ಎಚ್ಚರಗೊಳ್ಳುತ್ತದೆ.

ಎರಡೂ ಸೊಗಸಾದ ರಚನೆಗಳೇ. ಆದರೆ ಎರಡರಲ್ಲಿಯೂ ಅಗಲಿಕೆಗೆ ಕರ್ತೃವಿಲ್ಲ. ಸಿನಾಟ್ರ ಹಾಡಿದ ಗೀತೆಯ ಕೊನೆಗಂತೂ, ಬೇಸಿಗೆ ಕಳೆದಂತೆ ಆಟವೂ ಕಳೆಯಿತೆಂಬ ಭಾವ ಉಳಿಯುತ್ತದೆ. ತಂಡವನ್ನು ಒಯ್ದದ್ದು ಋತುವಲ್ಲ. ಹೊಸ ಅಂಗಳಕ್ಕಾಗಿ ಬ್ರೂಕ್ಲಿನ್ನಿನಲ್ಲಿಯೇ ಒಡೆಯರಾದ ವಾಲ್ಟರ್ ಓಮ್ಯಾಲಿ ಬಯಸಿದ ನೆಲವನ್ನು ಕೊಡಿಸಲು ನಗರದ ಪ್ರಬಲ ಅಧಿಕಾರಿ ರಾಬರ್ಟ್ ಮೋಸಸ್ ಒಪ್ಪಲಿಲ್ಲ. ಲಾಸ್ ಏಂಜಲೀಸ್ ನೆಲ ಕೊಟ್ಟಿತು.

ಆ ನೆಲವೇ ಚಾವೇಸ್ ರವೀನ್. ಮೆಕ್ಸಿಕೊ ಮೂಲದ ಅಮೆರಿಕನರು ಹೆಚ್ಚಾಗಿ ನೆಲೆಸಿದ್ದ ಆ ಕಣಿವೆಯನ್ನು ವಸತಿಯೋಜನೆಯೊಂದಕ್ಕೆಂದು ಮೊದಲು ತೆರವು ಮಾಡಿಸಿದ್ದರು. ಯೋಜನೆ ಕೈಬಿಟ್ಟಿತು. ಕೊನೆಯವರೆಗೂ ಅಲ್ಲಿ ಉಳಿದವರನ್ನು 1959ರಲ್ಲಿ ಬಲವಂತದಿಂದ ಹೊರಹಾಕಿದರು. 1962ರಲ್ಲಿ ಅಲ್ಲಿ ಡಾಡ್ಜರ್ಸ್ ಅಂಗಳ ತೆರೆಯಿತು. ರೈ ಕೂಡರ್ ಅವರ 2005ರ ‘ಚಾವೇಸ್ ರವೀನ್’ ಧ್ವನಿಮುದ್ರಿಕೆಯ ಗೀತೆಯೊಂದರಲ್ಲಿ, ಅಲ್ಲಿಯೇ ಮನೆ ಕಳೆದುಕೊಂಡವನೊಬ್ಬನು ಆಟದ ನೆಲೆಗಳನ್ನು ತೋರಿಸುತ್ತ ತನ್ನವರ ಮನೆಗಳಿದ್ದ ಜಾಗಗಳನ್ನು ಗುರುತಿಸುತ್ತಾನೆ.

ಮೊದಲಿನ ಗೀತೆ ಅಂಗಳ ಹೋದದ್ದಕ್ಕೆ ಮರುಗಿದರೆ, ಇದು ಅಂಗಳ ಬಂದದ್ದಕ್ಕೆ ಮರುಗುತ್ತದೆ. ಎರಡೂ ಒಂದೇ ತಂಡದ ಪ್ರಯಾಣದ ಎರಡು ತುದಿಗಳು. ವ್ಯಾಪ್ತಿಯಲ್ಲಿ ಸಿನಾಟ್ರ ಹಾಡಿದ ಗೀತೆ ದೊಡ್ಡದು, ನಿಜ. ಆದರೆ ತನ್ನ ದುಃಖದ ಕಾರಣವನ್ನು ಬಲ್ಲ ಗೀತೆಯಲ್ಲಿ ಕರುಣವು ಹೆಚ್ಚು ಆಳಕ್ಕಿಳಿಯುತ್ತದೆಂದೇ ಹೇಳಬೇಕಾಗುತ್ತದೆ.